ಭೂಮಿಯ ಅಟ್ಟ

ಶಾಲೆಯ ಗೋಡೆಯ ಮೇಲೆ ತೂಗುಹಾಕಿದ ಲೋಕದ ಭೂಪಟವನ್ನು ನೋಡಿದವರಿಗೆಲ್ಲ ಅದರ ಕೆಳ ಅಂಚಿನಲ್ಲಿ ಉದ್ದಕ್ಕೂ ಹರಡಿರುವ ಒಂದು ಬಿಳಿಯ ಪಟ್ಟಿ ಕಂಡಿರುತ್ತದೆ. ಅದರಲ್ಲಿ ಪಟ್ಟಣಗಳ ಹೆಸರಿಲ್ಲ, ನದಿಗಳ ನೀಲಿ ಗೆರೆಗಳಿಲ್ಲ, ರೈಲುದಾರಿಗಳ ಕಪ್ಪು ಎಳೆಗಳಿಲ್ಲ. ಬಣ್ಣ ತುಂಬುವವನ ಕುಂಚ ಅಲ್ಲಿಗೆ ಬರುವ ಹೊತ್ತಿಗೆ ಒಣಗಿಹೋಗಿತ್ತೇನೋ ಎನ್ನಿಸುವಂತಿರುತ್ತದೆ ಆ ಜಾಗ. ಮೇಜಿನ ಮೇಲಿನ ಗೋಳದಲ್ಲಿ ಹುಡುಕಹೊರಟರೆ, ಗೋಳವನ್ನು ಪೀಠಕ್ಕೆ ಬಿಗಿದಿರುವ ತಿರುಪುಮೊಳೆ ಅದರ ನಟ್ಟನಡುವೆಯೇ ಕುಳಿತಿರುತ್ತದೆ. ಹೀಗೆ ಭೂಪಟದಲ್ಲಿ ಅಂಚಿಗೆ ಸರಿದು, ಗೋಳದಲ್ಲಿ ಮೊಳೆಯ ಮರೆಗೆ ಸೇರಿದ ಖಂಡವೇ ಅಂಟಾರ್ಕ್ಟಿಕ. ಅದರ ಒಳನಾಡಿನಲ್ಲಿ ಹಿಮದ ಒಂದು ಮಹಾ ಪ್ರಸ್ಥಭೂಮಿ ಇದೆ. ನೋಡುವ ಕಣ್ಣಿಗೆ ಅದು ಬರಿದು. ಆದರೆ ಕೇಳುವ ಕಿವಿಯಿದ್ದವರಿಗೆ ಅದರಷ್ಟು ಹೇಳಬಲ್ಲ ನೆಲ ಲೋಕದಲ್ಲಿ ಮತ್ತೊಂದಿಲ್ಲ.

ಈ ಪ್ರಸ್ಥಭೂಮಿಯನ್ನು ನಾನು ಕಣ್ಣಾರೆ ಕಂಡಿಲ್ಲ. ನನ್ನ ಪಾಲಿಗೆ ಬಂದದ್ದು ಕನ್ನಡ ಪಾಠ ಹೇಳುವ ಕೆಲಸ. ಹಳಗನ್ನಡ ಕಾವ್ಯ, ವ್ಯಾಕರಣ, ಛಂದಸ್ಸು ಇವುಗಳ ನಡುವೆ ಮೂರು ದಶಕಗಳು ಕಳೆದವು. ಆದರೆ ಶಾಲೆಯ ಪುಸ್ತಕ ಭಂಡಾರದ ಬೀಗದ ಕೈ ಬಹುಕಾಲ ನನ್ನ ಬಳಿಯೇ ಇದ್ದುದರಿಂದ, ಧ್ರುವ ಯಾತ್ರಿಕರ ಕಥನಗಳು ಒಂದೊಂದಾಗಿ ಕೈಗೆ ದೊರೆತವು. ಒಮ್ಮೆ ಹತ್ತಿದ ರುಚಿ ಬಿಡಲಿಲ್ಲ. ನಿವೃತ್ತಿಯ ನಂತರವೂ ಆ ಹಿಮದ ನಾಡಿನಿಂದ ಬರುವ ಸುದ್ದಿಯನ್ನು, ದೂರದ ಊರಿನಲ್ಲಿರುವ ಬಂಧುವಿನ ಕ್ಷೇಮ ಸಮಾಚಾರದಂತೆ, ಕಾದಿದ್ದು ಓದುತ್ತೇನೆ.

ಅಂಟಾರ್ಕ್ಟಿಕ ಖಂಡದ ವಿಸ್ತೀರ್ಣ ಸುಮಾರು 1 ಕೋಟಿ 40 ಲಕ್ಷ ಚದರ ಕಿಲೋಮೀಟರುಗಳು. ಭಾರತದಂಥ ನಾಲ್ಕು ದೇಶಗಳನ್ನು ಅದರ ಮೇಲೆ ಹಾಸಿದರೂ ಇನ್ನಷ್ಟು ಸ್ಥಳ ಮಿಗುತ್ತದೆ. ಅದರ ನೂರಕ್ಕೆ 98 ಭಾಗವನ್ನು ಹಿಮಗಡ್ಡೆ ಮುಚ್ಚಿದೆ. ಈ ಹೊದಿಕೆಯ ಸರಾಸರಿ ದಪ್ಪ ಸುಮಾರು 2 ಕಿಲೋಮೀಟರ್. ಕೆಲವೆಡೆ ಅದು ನಾಲ್ಕೂವರೆ ಕಿಲೋಮೀಟರನ್ನೂ ಮೀರುತ್ತದೆ. ಸುಮಾರು 3,500 ಕಿಲೋಮೀಟರ್ ಉದ್ದದ ಒಂದು ಪರ್ವತಶ್ರೇಣಿ ಖಂಡವನ್ನು ಪೂರ್ವ ಪಶ್ಚಿಮ ಎಂದು ಎರಡಾಗಿ ಒಡೆಯುತ್ತದೆ. ಅದರಲ್ಲಿ ಪೂರ್ವ ಭಾಗದ ಒಳನಾಡೇ ನಾನು ಹೇಳುತ್ತಿರುವ ಪ್ರಸ್ಥಭೂಮಿ. ಅದರ ಸರಾಸರಿ ಎತ್ತರ ಸಮುದ್ರಮಟ್ಟದಿಂದ ಸುಮಾರು 3,000 ಮೀಟರ್. ನಾವು ನಿಂತಿರುವ ದಖನ್ ಪ್ರಸ್ಥಭೂಮಿ ಕಲ್ಲಿನಿಂದಾದದ್ದು, ಅದು ನೀರಿನಿಂದಾದದ್ದು. ದಕ್ಷಿಣ ಧ್ರುವ 2,835 ಮೀಟರ್ ಎತ್ತರದಲ್ಲಿದೆ. ಆ ಎತ್ತರದ ಬಹುಪಾಲು ಹೆಪ್ಪುಗಟ್ಟಿದ ನೀರೇ. ಅಲ್ಲಿಂದಾಚೆಗೆ ಹಿಮ ಇನ್ನೂ ಏರುತ್ತ ಹೋಗಿ ಡೋಮ್ ಆರ್ಗಸ್ ಎಂಬಲ್ಲಿ ಸುಮಾರು 4,090 ಮೀಟರ್ ಮುಟ್ಟುತ್ತದೆ. ಶಿಖರವೆಂದು ಕಲ್ಪಿಸಿಕೊಳ್ಳಬೇಡಿ. ಇಳಿಜಾರು ಎಷ್ಟು ನಯವಾದುದೆಂದರೆ, ಆ ನೆತ್ತಿಯ ಮೇಲೆ ನಿಂತವನಿಗೆ ತಾನು ಬಯಲಿನಲ್ಲಿ ನಿಂತಿದ್ದೇನೆಂದೇ ಅನ್ನಿಸುತ್ತದೆ.

ಹಿಂದಿನ ಕಾಲದ ಮನೆಗಳಲ್ಲಿ ಅಟ್ಟವೆಂಬುದೊಂದು ಇರುತ್ತಿತ್ತು. ಮನೆಯ ಎತ್ತರದ ಭಾಗ ಅದು. ದಿನದ ಬಳಕೆಗೆ ಬೇಕಾದುದು ಯಾವುದೂ ಅಲ್ಲಿಲ್ಲ. ಏಣಿ ಹಾಕಿ ಹತ್ತುವವರು ವರ್ಷಕ್ಕೊಬ್ಬರೋ ಇಬ್ಬರೋ. ಆದರೆ ಮನೆತನದ ಹಳೆಯ ಲೆಕ್ಕದ ಕಡತಗಳು, ಓಲೆಗರಿಗಳು, ಅಜ್ಜನ ಕಾಲದ ಪಾತ್ರೆಗಳು ಇರುತ್ತಿದ್ದುದು ಅಲ್ಲಿಯೇ. ಪೂರ್ವ ಅಂಟಾರ್ಕ್ಟಿಕದ ಈ ಪ್ರಸ್ಥಭೂಮಿಯ ವಿಷಯ ಓದುವಾಗಲೆಲ್ಲ ನನಗೆ ತೋರುವುದು ಇದು ಭೂಮಿಯ ಅಟ್ಟವೆಂದೇ.

ಒಮ್ಮೆ ಭೂಗೋಳದ ಉಪಾಧ್ಯಾಯರು ರಜೆಯಲ್ಲಿದ್ದುದರಿಂದ ಅವರ ತರಗತಿಗೆ ನಾನು ಹೋಗಬೇಕಾಯಿತು. ಮಾತು ಅಂಟಾರ್ಕ್ಟಿಕದತ್ತ ಹೊರಳಿತು. ಅದು ಲೋಕದ ಅತಿ ದೊಡ್ಡ ಮರುಭೂಮಿ ಎಂದು ನಾನು ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತಳು. "ಎರಡು ಕಿಲೋಮೀಟರ್ ದಪ್ಪಕ್ಕೆ ನೀರು ತುಂಬಿರುವ ಜಾಗವೇ ಮರುಭೂಮಿಯಾದರೆ, ನಮ್ಮೂರಿನ ಕೆರೆಯನ್ನು ಏನೆಂದು ಕರೆಯಬೇಕು?" ಎಂದು ಕೇಳಿದಳು. ತರಗತಿ ನಕ್ಕಿತು. ನನಗಾದರೋ ಸಂತೋಷವಾಯಿತು. ಒಳ್ಳೆಯ ಪ್ರಶ್ನೆ ಅರ್ಧ ಪಾಠವನ್ನು ತಾನೇ ಹೇಳಿಬಿಡುತ್ತದೆ.

ಒಂದು ಮನೆಯ ಸಿರಿಯನ್ನು ಎರಡು ಬಗೆಯಲ್ಲಿ ಅಳೆಯಬಹುದು. ಕೂಡಿಟ್ಟ ಗಂಟು ಒಂದು, ವರ್ಷದ ವರಮಾನ ಮತ್ತೊಂದು. ಮರುಭೂಮಿ ಹೌದೋ ಅಲ್ಲವೋ ಎಂಬುದನ್ನು ತೀರ್ಮಾನಿಸುವುದು ವರಮಾನ, ಎಂದರೆ ಆಕಾಶದಿಂದ ಇಳಿದುಬರುವ ನೀರು. ಈ ಪ್ರಸ್ಥಭೂಮಿಯ ಒಳಭಾಗದಲ್ಲಿ ಇಡೀ ವರ್ಷದಲ್ಲಿ ಬೀಳುವ ಹಿಮವನ್ನು ಕರಗಿಸಿ ಅಳೆದರೆ 50 ಮಿಲಿಮೀಟರ್ ನೀರೂ ಆಗುವುದಿಲ್ಲ. ಅತ್ಯಂತ ಒಳಗಿರುವ ವಾಸ್ತೋಕ್ ಎಂಬಲ್ಲಿ ಅದು 20 ಮಿಲಿಮೀಟರಿನ ಆಸುಪಾಸು. ನಮ್ಮಲ್ಲಿ ಮುಂಗಾರಿನ ಒಂದು ಜೋರು ಮಳೆ ಗಂಟೆಯೊಳಗೆ ಸುರಿಸಿಹೋಗುವಷ್ಟು ನೀರು ಅದು. ಗಾಳಿ ಅಷ್ಟು ತಣ್ಣಗಿರುವುದರಿಂದ ಅದು ನೀರಾವಿಯನ್ನು ಹೊರಲಾರದು. ಅನೇಕ ದಿನ ಅಲ್ಲಿ ಮೋಡವೇ ಇಲ್ಲದ ಆಕಾಶದಿಂದ ಸೂಕ್ಷ್ಮವಾದ ಹಿಮದ ಹರಳುಗಳು ಉದುರುತ್ತವೆ. ಬಿಸಿಲಿಗೆ ಮಿನುಗುವ ಆ ಪುಡಿಯನ್ನು ವಿಜ್ಞಾನಿಗಳೇ ವಜ್ರದ ಧೂಳು ಎಂದು ಕರೆದಿದ್ದಾರೆ.

ಹಾಗಿದ್ದರೆ ಅಷ್ಟು ದೊಡ್ಡ ಗಂಟು ಬಂದದ್ದು ಎಲ್ಲಿಂದ? ಬಂದುದನ್ನು ಖರ್ಚು ಮಾಡದೆ ಉಳಿಸಿದ್ದರಿಂದ. ಅಲ್ಲಿ ಬಿದ್ದ ಹಿಮ ಕರಗುವುದಿಲ್ಲ. ಈ ವರ್ಷದ ಪದರದ ಮೇಲೆ ಬರುವ ವರ್ಷದ ಪದರ, ಅದರ ಮೇಲೆ ಮತ್ತೊಂದು. ಕೆಳಗಿನದು ಮೇಲಿನ ಭಾರಕ್ಕೆ ಅದುಮಿ ಗಡ್ಡೆಯಾಗುತ್ತದೆ. ಹನಿಗೂಡಿದರೆ ಹಳ್ಳ ಎಂಬ ಗಾದೆಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇರೆಲ್ಲಿದೆ? ಲೋಕದ ಸಿಹಿನೀರಿನಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚಿನ ಪಾಲು ಅಂಟಾರ್ಕ್ಟಿಕದ ಹಿಮದಲ್ಲಿದೆ. ಖರ್ಚು ಏನೇನೂ ಇಲ್ಲವೆಂದಲ್ಲ. ತನ್ನ ಭಾರಕ್ಕೆ ತಾನೇ ಬಾಗಿ ಈ ಹಿಮರಾಶಿ ಬಹು ಮೆಲ್ಲನೆ ಕಡಲಿನ ಕಡೆಗೆ ಸರಿಯುತ್ತಿದೆ. ದಕ್ಷಿಣ ಧ್ರುವದ ಬಳಿ ಅದು ವರ್ಷಕ್ಕೆ ಸುಮಾರು 10 ಮೀಟರ್ ಜರುಗುತ್ತದೆ. ಆದಕಾರಣ ಧ್ರುವವನ್ನು ತೋರಿಸಲು ನೆಟ್ಟ ಗುರುತುಗಂಬವನ್ನು ಪ್ರತಿ ಜನವರಿ 1ರಂದು ಕಿತ್ತು ಸರಿಯಾದ ಸ್ಥಾನದಲ್ಲಿ ಮತ್ತೆ ನೆಡಬೇಕಾಗುತ್ತದೆ.

ಇನ್ನು ಅಲ್ಲಿಯ ಚಳಿಯ ಮಾತು. ಒಂದು ವಿಚಿತ್ರದಿಂದ ಆರಂಭಿಸೋಣ. ಡಿಸೆಂಬರ್ ತಿಂಗಳ ಕೊನೆಯ ಭಾಗದಲ್ಲಿ ದಕ್ಷಿಣ ಧ್ರುವದ ನೆತ್ತಿಯ ವಾಯುಮಂಡಲಕ್ಕೆ ದಿನವೊಂದರಲ್ಲಿ ತಲಪುವ ಸೂರ್ಯಶಕ್ತಿ ಭೂಮಧ್ಯರೇಖೆಗೆ ತಲಪುವುದಕ್ಕಿಂತ ಹೆಚ್ಚು. ಏಕೆಂದರೆ ಆಗ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಆದರೂ ಅಲ್ಲಿ ನೀರು ನೀರಾಗಿ ನಿಲ್ಲದು. ಬಂದ ಬೆಳಕಿನಲ್ಲಿ ನೂರಕ್ಕೆ 80 ಭಾಗಕ್ಕಿಂತಲೂ ಹೆಚ್ಚನ್ನು ಬಿಳಿಯ ಹಿಮ ಕನ್ನಡಿಯಂತೆ ಹಿಂದಕ್ಕೆ ಕಳಿಸಿಬಿಡುತ್ತದೆ. ಉಳಿದ ಅಷ್ಟಿಷ್ಟು ಶಾಖವನ್ನು ಹಿಡಿದಿಡಲು ಗಾಳಿಯಲ್ಲಿ ತೇವದ ಕಂಬಳಿಯಿಲ್ಲ. ಎತ್ತರ ಹೆಚ್ಚಾದುದರಿಂದ ಗಾಳಿಯೂ ತೆಳು. ಬೆಚ್ಚನೆಯ ಕಡಲಾದರೋ ಸಾವಿರಾರು ಕಿಲೋಮೀಟರ್ ದೂರ. ಇವೆಲ್ಲದರ ಮೇಲೆ ಮಾರ್ಚ್ ತಿಂಗಳಲ್ಲಿ ಮುಳುಗಿದ ಸೂರ್ಯ ಸೆಪ್ಟೆಂಬರಿನವರೆಗೆ ಮುಖ ತೋರಿಸುವುದಿಲ್ಲ.

ಇದರ ಪರಿಣಾಮವನ್ನು ಅಂಕಿಗಳೇ ಹೇಳುತ್ತವೆ. ದಕ್ಷಿಣ ಧ್ರುವದಲ್ಲಿ ಅಮೆರಿಕದವರು ನಿಲ್ದಾಣ ಕಟ್ಟಿ 1957ರಿಂದ ಉಷ್ಣತೆಯನ್ನು ಬರೆದಿಡುತ್ತ ಬಂದಿದ್ದಾರೆ. ಅಲ್ಲಿಯ ವರ್ಷದ ಸರಾಸರಿ ಸೊನ್ನೆಗಿಂತ ಸುಮಾರು 49 ಡಿಗ್ರಿ ಸೆಲ್ಸಿಯಸ್ ಕೆಳಗೆ. 2011ರ ಡಿಸೆಂಬರ್ 25ರಂದು ದಾಖಲಾದ, ಸೊನ್ನೆಗಿಂತ 12.3 ಡಿಗ್ರಿ ಕೆಳಗಿನ ಉಷ್ಣತೆ ಅಲ್ಲಿಗೆ ಬೇಗೆಯ ದಿನ! ಇಂದಿನ ಮನೆಗಳ ತಂಪುಪೆಟ್ಟಿಗೆಯಲ್ಲಿ ಹಿಮಗಡ್ಡೆ ಕಟ್ಟುವ ಗೂಡು ಅದಕ್ಕಿಂತ ಸ್ವಲ್ಪವೇ ಹೆಚ್ಚು ತಣ್ಣಗಿರುತ್ತದೆ. ಸೋವಿಯತ್ ಒಕ್ಕೂಟದವರು 1957ರಲ್ಲಿ ಸ್ಥಾಪಿಸಿದ ವಾಸ್ತೋಕ್ ನಿಲ್ದಾಣದಲ್ಲಿ 1983ರ ಜುಲೈ 21ರಂದು ಉಷ್ಣತೆ ಸೊನ್ನೆಗಿಂತ 89.2 ಡಿಗ್ರಿ ಕೆಳಗಿಳಿಯಿತು. ನೆಲದ ಮೇಲಿನ ಉಷ್ಣಮಾಪಕಗಳು ಕಂಡ ಅತ್ಯಂತ ಕಡಿಮೆ ಉಷ್ಣತೆ ಇದೇ. ಹಿಮದ ಮೇಲ್ಮೈಯನ್ನು ಉಪಗ್ರಹಗಳಿಂದ ಅಳೆದವರು, ಎತ್ತರದ ಸಣ್ಣ ತಗ್ಗುಗಳಲ್ಲಿ ಅದು ಸೊನ್ನೆಗಿಂತ ಸುಮಾರು 98 ಡಿಗ್ರಿ ಕೆಳಗೆ ಹೋಗುವುದುಂಟೆಂದು 2018ರಲ್ಲಿ ತಿಳಿಸಿದರು.

ಬೆಟ್ಟ ಹತ್ತಿದಷ್ಟೂ ತಂಪು ಎಂಬುದು ನಮ್ಮ ಅನುಭವ. ಪ್ರಸ್ಥಭೂಮಿಯ ಚಳಿಗಾಲದಲ್ಲಿ ಅದು ತಲೆಕೆಳಗು. ಹಿಮದ ಮೈಗೆ ತಾಗಿದ ಗಾಳಿಯೇ ಎಲ್ಲಕ್ಕಿಂತ ತಣ್ಣಗಿದ್ದು, ಕೆಲವು ನೂರು ಮೀಟರ್ ಮೇಲೆ ಅದು 20 ಡಿಗ್ರಿಯಷ್ಟು ಬೆಚ್ಚಗಿರಬಹುದು. ತಣ್ಣನೆಯ ಗಾಳಿ ಭಾರವಾದುದು. ಭಾರವಾದುದು ಇಳಿಜಾರನ್ನು ಹುಡುಕುತ್ತದೆ. ಹೀಗೆ ನೆತ್ತಿಯಿಂದ ನೀರಿನಂತೆ ಜಾರತೊಡಗಿದ ಗಾಳಿ ಮೊದಮೊದಲು ಮಂದವಾಗಿ, ಬರಬರುತ್ತ ವೇಗವಾಗಿ, ಕಡಲಂಚಿನ ಕಡಿದಾದ ಇಳುಕಲಿನಲ್ಲಿ ಭೋರ್ಗರೆಯುತ್ತದೆ. ಆಸ್ಟ್ರೇಲಿಯದ ಡಗ್ಲಸ್ ಮಾಸನ್ 1912ರಲ್ಲಿ ಡೆನಿಸನ್ ಭೂಶಿರದಲ್ಲಿ ಗುಡಿಸಲು ಕಟ್ಟಿ ನಿಂತಾಗ, ಆ ತಂಡದವರು ಗಾಳಿಗೆದುರಾಗಿ ಮೈಯನ್ನು ಮುಂದಕ್ಕೆ ಬಾಗಿಸಿಯೇ ನಡೆಯಲು ಕಲಿಯಬೇಕಾಯಿತು. ಸಮುದ್ರಮಟ್ಟದಲ್ಲಿ ಅಷ್ಟು ಗಾಳಿಯ ಸ್ಥಳ ಬೇರೊಂದಿಲ್ಲವೆನ್ನುತ್ತಾರೆ. ಆ ಗಾಳಿಯ ತವರಾದ ನೆತ್ತಿಯ ಮೇಲಾದರೋ ಬಹುತೇಕ ದಿನ ತಣ್ಣನೆಯ ಮೌನ. ಅಬ್ಬರ ಅಂಚಿನಲ್ಲಿ, ಶಾಂತಿ ನಡುವಿನಲ್ಲಿ.

ವರ್ಷಕ್ಕೊಂದೇ ಉದಯ, ಒಂದೇ ಅಸ್ತ ಇರುವ ಕಡೆ ಜೀವಿಗಳಿಗೆ ಹಗಲಿರುಳಿನ ಅರಿವು ಹೇಗೆ? ಈ ಪ್ರಶ್ನೆಯನ್ನು ಹಿಡಿದು ದಕ್ಷಿಣ ಧ್ರುವಕ್ಕೆ ಹೋದವರಲ್ಲಿ ಭಾರತದ ಸಸ್ಯವಿಜ್ಞಾನಿ ಗಿರಿರಾಜ್ ಸಿಂಗ್ ಸಿರೋಹಿಯವರೂ ಒಬ್ಬರು. 1960ರ ದಶಕದ ಆರಂಭದಲ್ಲಿ ಅವರೂ ಅವರ ಜೊತೆಗಾರರೂ ಗಿಡಗಳನ್ನೂ ಕೀಟಗಳನ್ನೂ ಸಣ್ಣ ಪ್ರಾಣಿಗಳನ್ನೂ ತಿರುಗುವ ಹಲಗೆಗಳ ಮೇಲಿಟ್ಟು, ಭೂಮಿ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಅಷ್ಟೇ ವೇಗದಲ್ಲಿ ತಿರುಗಿಸಿದರು. ಭೂಮಿಯ ಸುತ್ತುವಿಕೆಯನ್ನೇ ಆ ಜೀವಿಗಳ ಪಾಲಿಗೆ ಇಲ್ಲವಾಗಿಸಿದರು. ಆದರೂ ಅವುಗಳೊಳಗಿನ ದಿನದ ಲಯ ನಿಲ್ಲಲಿಲ್ಲ. ಕಾಲದ ಗಡಿಯಾರ ಜೀವದ ಒಳಗೇ ಇದೆ ಎಂಬ ಮಾತಿಗೆ ಆ ಬರಿಯ ಬಯಲು ಹೀಗೆ ಸಾಕ್ಷಿ ನುಡಿಯಿತು.

ಅಲ್ಲಿ ಮನುಷ್ಯ ಬಾಳುವುದು ಒಬ್ಬರನ್ನೊಬ್ಬರು ನೆಚ್ಚಿ ಮಾತ್ರ. ವಾಸ್ತೋಕಿನಲ್ಲಿ 1982ರ ಏಪ್ರಿಲ್ ತಿಂಗಳಲ್ಲಿ ವಿದ್ಯುದಾಗಾರಕ್ಕೆ ಬೆಂಕಿ ಬಿದ್ದು ಒಬ್ಬ ಕೆಲಸಗಾರ ತೀರಿಕೊಂಡ. ಚಳಿಗಾಲ ಆಗತಾನೆ ತೊಡಗಿತ್ತು. ಅಷ್ಟು ಚಳಿಯಲ್ಲಿ ವಿಮಾನ ಇಳಿಯುವಂತಿಲ್ಲ. ಇಂಧನ ಗಟ್ಟಿಯಾಗುತ್ತದೆ, ಹಿಮವೂ ಮರಳಿನಂತೆ ಒರಟಾಗಿ ವಿಮಾನದ ಜಾರುಹಲಗೆಗಳನ್ನು ಹಿಡಿದುಬಿಡುತ್ತದೆ. ಉಳಿದ ಇಪ್ಪತ್ತು ಮಂದಿ ಕೈಗೆ ಸಿಕ್ಕಿದ ಸಾಮಗ್ರಿಯಿಂದ ಒಲೆಗಳನ್ನು ಮಾಡಿಕೊಂಡು, ಒಂದೆಡೆ ಒತ್ತಾಗಿ ಕುಳಿತು, ಆ ದೀರ್ಘರಾತ್ರಿಯನ್ನು ದಾಟಿದರು. ಅವರೆಲ್ಲರೂ ಬದುಕಿ ಹಿಂದಿರುಗಿದರೆಂಬುದನ್ನು ಓದಿದ ದಿನ ನನಗೆ ನಮ್ಮವರೇ ಗಂಡಾಂತರದಿಂದ ಪಾರಾದಷ್ಟು ಹಗುರವೆನಿಸಿತು.

ಅಷ್ಟು ಕಷ್ಟಪಟ್ಟು ಜನ ಅಲ್ಲಿ ಏಕೆ ಇರಬೇಕು? ಉತ್ತರ ಕಾಲ ಕೆಳಗಿದೆ. 1958ರಲ್ಲಿ ಸೋವಿಯತ್ ವಿಜ್ಞಾನಿಗಳು ಹಿಮದೊಳಕ್ಕೆ ಕಂಪನದ ಅಲೆಗಳನ್ನು ಕಳಿಸಿ ಮಾರ್ದನಿಯನ್ನು ಆಲಿಸಿದಾಗ, ಡೋಮ್ ಆರ್ಗಸ್‌ನ ಅಡಿಯಲ್ಲಿ ಒಂದು ಪರ್ವತಶ್ರೇಣಿಯೇ ಹೂತುಹೋಗಿರುವುದು ಗೊತ್ತಾಯಿತು. ಯಾರ ಕಣ್ಣೂ ಕಾಣದ ಆ ಬೆಟ್ಟಗಳಿಗೆ ಗಂಬುರ್ತ್ಸೆವ್ ಪರ್ವತಗಳೆಂದು ಹೆಸರು. ವಾಸ್ತೋಕಿನ ಅಡಿಯಲ್ಲಿ, ಸುಮಾರು 4 ಕಿಲೋಮೀಟರ್ ಹಿಮದ ಕೆಳಗೆ, ಸುಮಾರು 250 ಕಿಲೋಮೀಟರ್ ಉದ್ದದ ಸರೋವರವೊಂದಿದೆ. ಅದರ ನೀರು ಗಡ್ಡೆಗಟ್ಟಿಲ್ಲ. ಭೂಮಿಯ ಒಡಲಿನ ಬಿಸಿ ಕೆಳಗಿನಿಂದ ತಾಗುತ್ತದೆ, ಮೇಲಿನ ಹಿಮವೇ ಕಂಬಳಿಯಾಗಿ ಆ ಬಿಸಿಯನ್ನು ಕಾಯುತ್ತದೆ, ಅದರ ಒತ್ತಡವೂ ಹೆಪ್ಪುಗಟ್ಟದಂತೆ ತಡೆಯುತ್ತದೆ. ಕೊರೆಯುವ ಯಂತ್ರ ಆ ನೀರನ್ನು ಮುಟ್ಟಿದ್ದು 2012ರ ಫೆಬ್ರವರಿಯಲ್ಲಿ.

ಇವೆಲ್ಲಕ್ಕಿಂತ ಮಿಗಿಲಾದ ನಿಧಿ ಹಿಮಗಡ್ಡೆಯೇ. ಹಿಮದ ಹರಳುಗಳ ನಡುವೆ ಗಾಳಿಯಿರುತ್ತದೆ. ಪದರ ಪದರವಾಗಿ ಅದುಮಲ್ಪಟ್ಟು ಸುಮಾರು ನೂರು ಮೀಟರ್ ಆಳಕ್ಕೆ ಇಳಿದಾಗ ಆ ಸಂದುಗಳು ಮುಚ್ಚಿಕೊಂಡು, ಗಾಳಿ ಸಣ್ಣ ಗುಳ್ಳೆಗಳಲ್ಲಿ ಸೆರೆಯಾಗುತ್ತದೆ. ಪ್ರತಿಯೊಂದು ಗುಳ್ಳೆಯೂ ಅದು ಮುಚ್ಚಿಕೊಂಡ ಕಾಲದ ವಾಯುಮಂಡಲದ ಒಂದು ತುಣುಕು. ವಾಸ್ತೋಕಿನಲ್ಲಿ 3,600 ಮೀಟರಿಗೂ ಆಳಕ್ಕೆ ಕೊರೆದು ತೆಗೆದ ಹಿಮಸ್ತಂಭದಿಂದ 4 ಲಕ್ಷ 20 ಸಾವಿರ ವರ್ಷಗಳ ಹವಾಮಾನದ ಕಥೆಯನ್ನು 1999ರಲ್ಲಿ ಓದಿ ಹೇಳಿದರು. ಡೋಮ್ ಸಿ ಎಂಬಲ್ಲಿ ಯೂರೋಪಿನ ತಂಡ ಕೊರೆದ ಸ್ತಂಭ ಆ ಕಥೆಯನ್ನು 8 ಲಕ್ಷ ವರ್ಷಗಳಿಗೆ ಹಿಗ್ಗಿಸಿತು. 2025ರ ಜನವರಿಯಲ್ಲಿ ಅದರ ಸಮೀಪದಲ್ಲೇ 12 ಲಕ್ಷ ವರ್ಷಗಳಿಗಿಂತ ಹಳೆಯ ಹಿಮ ಕೈಗೆ ಬಂದಿತೆಂಬ ಸುದ್ದಿ ಹೊರಟಿತು. ರಾಜರ ಶಾಸನಗಳು ಹೇಳುವುದು ಸಾವಿರ ಎರಡು ಸಾವಿರ ವರ್ಷಗಳ ಮಾತನ್ನು. ಕೆತ್ತಿಸಿದವನ ಹೊಗಳಿಕೆಯೂ ಅವುಗಳಲ್ಲಿ ಸೇರಿರುತ್ತದೆ. ಹಿಮಕ್ಕೆ ಹೊಗಳಬೇಕಾದ ಒಡೆಯನಿಲ್ಲ. ಬಂದ ಗಾಳಿಯನ್ನು, ಬಿದ್ದ ಜ್ವಾಲಾಮುಖಿಯ ಬೂದಿಯನ್ನು ಅದು ಇದ್ದಂತೆಯೇ ಬರೆದಿಡುತ್ತದೆ.

ಹಿಮದ ಕಡತ ಒಂದು ಲೆಕ್ಕವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಆ 8 ಲಕ್ಷ ವರ್ಷಗಳಲ್ಲಿ, ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡಿನ ಪ್ರಮಾಣ ಹಿಮಯುಗಗಳಲ್ಲಿ ಸುಮಾರು 180 ಭಾಗಕ್ಕೆ ಇಳಿದು, ಬೆಚ್ಚನೆಯ ಕಾಲಗಳಲ್ಲಿ ಸುಮಾರು 300 ಭಾಗದವರೆಗೆ ಏರಿ, ಉಯ್ಯಾಲೆಯಂತೆ ತೂಗುತ್ತ ಬಂದಿದೆ. ಕಲ್ಲಿದ್ದಲು ಎಣ್ಣೆಗಳನ್ನು ಉರಿಸುವ ನಮ್ಮ ಕಾಲದಲ್ಲಿ ಅದು 420 ಭಾಗಗಳನ್ನು ದಾಟಿದೆ. ಆ ಉದ್ದನೆಯ ಕಡತದಲ್ಲಿ ಇಂಥ ಅಂಕಿ ಒಮ್ಮೆಯೂ ಇಲ್ಲ.

ಕಲ್ಲೂ ಅಲ್ಲಿ ಕಥೆ ಹೇಳಿದ್ದುಂಟು. ನಾರ್ವೆಯ ಅಮುಂಡ್ಸೆನ್ 1911ರ ಡಿಸೆಂಬರ್ 14ರಂದು ಮೊದಲಿಗನಾಗಿ ದಕ್ಷಿಣ ಧ್ರುವವನ್ನು ಮುಟ್ಟಿದ. ಬ್ರಿಟನ್ನಿನ ಸ್ಕಾಟ್ ಮತ್ತು ಅವನ ನಾಲ್ವರು ಸಂಗಡಿಗರು 1912ರ ಜನವರಿ 17ರಂದು ಅಲ್ಲಿಗೆ ತಲಪಿ, ಸೋತ ಮನಸ್ಸಿನಿಂದ ಹಿಂದಿರುಗಿದರು. ಪ್ರಸ್ಥಭೂಮಿಯಿಂದ ಇಳಿಯುವ ಬಿಯರ್ಡ್‌ಮೋರ್ ಹಿಮನದಿಯ ದಂಡೆಯಲ್ಲಿ, ಹಸಿವು ಚಳಿಗಳಿಂದ ಬಳಲಿದ್ದರೂ, ಅವರು ನಿಂತು ಕಲ್ಲುಗಳನ್ನು ಆಯ್ದುಕೊಂಡರು. ಐವರಲ್ಲಿ ಒಬ್ಬನೂ ಬದುಕಿ ಬರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಕೊನೆಯ ಗುಡಾರ ಸಿಕ್ಕಿದಾಗ, ಸುಮಾರು 16 ಕಿಲೋಗ್ರಾಂ ಭಾರದ ಆ ಕಲ್ಲುಗಳು ಅಲ್ಲಿಯೇ ಇದ್ದವು. ಪ್ರಾಣವೇ ಭಾರವಾದಾಗಲೂ ಅವರು ಅವನ್ನು ಎಸೆದಿರಲಿಲ್ಲ. ಆ ಕಲ್ಲುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಸಸ್ಯದ, ನಾಲಗೆಯಾಕಾರದ ಎಲೆಗಳ ಅಚ್ಚು ಇತ್ತು. ಅದೇ ಸಸ್ಯದ ಅಚ್ಚುಗಳು ನಮ್ಮ ರಾಣಿಗಂಜಿನ ಕಲ್ಲಿದ್ದಲ ಪದರಗಳಲ್ಲಿಯೂ ಇವೆ. ಒಂದು ಕಾಲಕ್ಕೆ ಭಾರತ, ಆಫ್ರಿಕ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯ, ಅಂಟಾರ್ಕ್ಟಿಕಗಳು ಒಂದೇ ನೆಲವಾಗಿದ್ದವು ಎಂಬುದಕ್ಕೆ ಆ ಎಲೆಯೂ ಒಂದು ಆಧಾರವಾಯಿತು. ಆ ಆದಿಮ ಖಂಡಕ್ಕಿರುವ ಗೊಂಡವಾನ ಎಂಬ ಹೆಸರಾದರೂ ಮಧ್ಯಭಾರತದ ಗೊಂಡರ ನಾಡಿನಿಂದ ಬಂದದ್ದು. ದೂರದ ನಾಡೆಂದುಕೊಂಡದ್ದು ನಮ್ಮ ಹಳೆಯ ನೆರೆಮನೆ!

ಆ ನೆರೆಮನೆಗೆ ಭಾರತದ ಮೊದಲ ವಿಜ್ಞಾನ ತಂಡ ಹೊರಟದ್ದು 1981ರಲ್ಲಿ. ಇಂದು ಖಂಡದ ಅಂಚಿನಲ್ಲಿ ನಮ್ಮ ಮೈತ್ರಿ ಮತ್ತು ಭಾರತಿ ಎಂಬ ನಿಲ್ದಾಣಗಳಿವೆ. 1959ರ ಡಿಸೆಂಬರ್ 1ರಂದು ಹನ್ನೆರಡು ದೇಶಗಳು ಸಹಿ ಹಾಕಿದ ಒಪ್ಪಂದವೊಂದು ಈ ಖಂಡವನ್ನು ಶಾಂತಿಗೂ ವಿಜ್ಞಾನಕ್ಕೂ ಮೀಸಲಿಟ್ಟಿತು; 1983ರಲ್ಲಿ ಭಾರತವೂ ಅದನ್ನು ಸೇರಿತು. ಬೇರೆಡೆ ಗಡಿಗಾಗಿ ಕಾದಾಡಿದ ರಾಷ್ಟ್ರಗಳು ಅಲ್ಲಿ ಒಂದೇ ಹಿಮಸ್ತಂಭವನ್ನು ಹಂಚಿಕೊಂಡು ಓದುತ್ತವೆ.

ಎತ್ತರದ ಪ್ರಸ್ಥಭೂಮಿ ಇಂದು ನಾಳೆಯಲ್ಲಿ ಕರಗಿಹೋಗುವಂಥದಲ್ಲ. ಆದರೆ ಅಲ್ಲಿಗೂ ಲೋಕದ ಬಿಸಿ ಮುಟ್ಟುತ್ತಿದೆ. 2022ರ ಮಾರ್ಚ್ 18ರಂದು ಡೋಮ್ ಸಿಯಲ್ಲಿ ಉಷ್ಣತೆ ಆ ಕಾಲಕ್ಕೆ ಸಹಜವಾದುದಕ್ಕಿಂತ ಸುಮಾರು 40 ಡಿಗ್ರಿಯಷ್ಟು ಮೇಲೇರಿತು. ಕಡಲಿನಿಂದ ಬೀಸಿದ ತೇವದ ಗಾಳಿ ನೆತ್ತಿಯವರೆಗೂ ನುಗ್ಗಿತ್ತು. ಪಶ್ಚಿಮ ಅಂಟಾರ್ಕ್ಟಿಕದ ಅಂಚುಗಳಲ್ಲಿ ಹಿಮ ಮೊದಲಿಗಿಂತ ವೇಗವಾಗಿ ಕಡಲಿಗೆ ಸರಿಯುತ್ತಿದೆ. ಖಂಡದ ಹಿಮವೆಲ್ಲ ಕರಗಿದರೆ ಸಮುದ್ರಮಟ್ಟ ಸುಮಾರು 58 ಮೀಟರ್ ಏರೀತೆಂದು ಲೆಕ್ಕ. ಅಷ್ಟಾಗಲು ಸಾವಿರಾರು ವರ್ಷಗಳು ಬೇಕಾದರೂ, ಅದರ ಸಣ್ಣದೊಂದು ಪಾಲು ಸಾಕು, ಲೋಕದ ಬಂದರುಗಳೂ ಮೀನುಗಾರರ ಕೇರಿಗಳೂ ನೀರಿನ ಪಾಲಾಗಲು. ಕಡಲು ಒಂದೇ; ಒಂದು ದಡದಲ್ಲಿ ಸೇರಿದ ನೀರು ಇನ್ನೊಂದು ದಡವನ್ನು ಕೇಳದೆ ಬಿಡುವುದಿಲ್ಲ.

ನಾನು ಪಾಠ ಹೇಳುತ್ತಿದ್ದ ದಿನಗಳಲ್ಲಿ ವಿದ್ಯಾರ್ಥಿಗಳಿಗೆ ಒಂದು ಮಾತನ್ನು ಹೇಳುತ್ತಿದ್ದೆ: ಬರೆದದ್ದು ಉಳಿಯುತ್ತದೆ, ಆದ್ದರಿಂದ ಯೋಚಿಸಿ ಬರೆಯಿರಿ. ಆಗ ನನ್ನ ಮನಸ್ಸಿನಲ್ಲಿದ್ದುದು ಕಾಗದ ಮತ್ತು ಲೇಖನಿ. ಹಿಮದ ಕಥೆಯನ್ನು ಓದುತ್ತ ಹೋದಂತೆ ಆ ಮಾತಿನ ಅರ್ಥ ಹಿಗ್ಗಿದೆ. ನಾವು ಹೊತ್ತಿಸುವ ಒಲೆ, ಓಡಿಸುವ ಬಂಡಿ, ಉರಿಸುವ ದೀಪ ಇವೆಲ್ಲವೂ ಗಾಳಿಯಲ್ಲಿ ಒಂದೊಂದು ಅಕ್ಷರವನ್ನು ಬರೆಯುತ್ತವೆ. ಆ ಗಾಳಿ ಸುತ್ತಿ ಸುತ್ತಿ ದಕ್ಷಿಣದ ಆ ಬಿಳಿಯ ಬಯಲನ್ನು ಸೇರುತ್ತದೆ. ಹಿಮದ ಒಂದು ಸಣ್ಣ ಗುಳ್ಳೆ ಅದನ್ನು ಹಿಡಿದು ಬಾಯಿ ಮುಚ್ಚಿಕೊಳ್ಳುತ್ತದೆ. ಲಕ್ಷ ವರ್ಷಗಳ ಮೇಲೆ ಯಾರೋ ಅದನ್ನು ಒಡೆದು ನಮ್ಮ ಕಾಲದ ಪುಟವನ್ನು ಓದಬಹುದು. ಅಲ್ಲಿ ನಮ್ಮ ಹೆಸರು ಇರುವುದಿಲ್ಲ, ನಾವು ಬದುಕಿದ ರೀತಿ ಮಾತ್ರ ಇರುತ್ತದೆ. ಆ ಪುಟ ಇನ್ನೂ ಪೂರ್ತಿಯಾಗಿಲ್ಲ. ಅದರ ಉಳಿದ ಸಾಲುಗಳನ್ನು ಬರೆಯಬೇಕಾದವರು ಇಂದು ತರಗತಿಯಲ್ಲಿ ಕುಳಿತಿರುವ ನೀವು.